ಮಸೋವಾಲದ ಕಾಡುತೆಂಗು: ಮಳೆಕಾಡಿನ ಅಪರೂಪದ ತಾಳೆಗಳ ಹುಡುಕಾಟ

ಬೆಂಗಳೂರಿನ ಕಚೇರಿಗಳ ಮೊಗಸಾಲೆಯಲ್ಲಿ ಕುಂಡದೊಳಗೆ ನಿಂತಿರುವ ‘ಅರೆಕಾ ಪಾಮ್’ ಹೆಸರಿಗೆ ಅಡಿಕೆಯಾದರೂ ಅಡಿಕೆಯಲ್ಲ. ಬಡಾವಣೆಗಳ ಹೆಬ್ಬಾಗಿಲಲ್ಲಿ ಬೆಳ್ಳಿಬಣ್ಣದ ಬೀಸಣಿಗೆ ಬಿಚ್ಚಿಕೊಂಡಿರುವ ಬಿಸ್ಮಾರ್ಕಿಯಾದ ತವರೂ ಅದರ ತವರೂ ಒಂದೇ: ಆಫ್ರಿಕಾದ ಪೂರ್ವಕ್ಕೆ ಹಿಂದೂ ಮಹಾಸಾಗರದಲ್ಲಿರುವ ಮಡಗಾಸ್ಕರ್ ದ್ವೀಪ. (ಅಲ್ಲಿಂದಲೇ ಬಂದ ‘ಟ್ರಾವೆಲರ್ಸ್ ಪಾಮ್’ ಮಾತ್ರ ತಾಳೆಯೇ ಅಲ್ಲ, ಬಾಳೆಯ ದೂರದ ನೆಂಟ.) ಲೋಕದ ತೋಟಗಳನ್ನೆಲ್ಲ ಸಿಂಗರಿಸಿರುವ ಈ ದ್ವೀಪದ ಕಾಡಿನಲ್ಲಿಯೇ ತಾಳೆಗಳನ್ನು ಹುಡುಕಿ ಹೋಗಬೇಕಾದ ಸ್ಥಿತಿ ಬಂದಿದೆ.

ತೆಂಗು, ಅಡಿಕೆ, ಈಚಲು, ಬೈನೆ, ಅಷ್ಟೇಕೆ ಕುರ್ಚಿ ಹೆಣೆಯುವ ಬೆತ್ತವೂ ಸೇರಿರುವ ತಾಳೆ ಕುಟುಂಬದ ಸುಮಾರು 200 ಪ್ರಭೇದಗಳು ಮಡಗಾಸ್ಕರ್‌ನಲ್ಲಿವೆ. ಆಫ್ರಿಕಾ ಖಂಡದ ನೆಲದಲ್ಲಿರುವುದಕ್ಕಿಂತ ಇದು ಸರಿಸುಮಾರು ಮೂರು ಪಟ್ಟು ಹೆಚ್ಚು. ಅವುಗಳಲ್ಲಿ ಬಹುತೇಕ ಎಲ್ಲವೂ ಜಗತ್ತಿನ ಬೇರೆಡೆ ಸಹಜವಾಗಿ ಬೆಳೆಯುವುದಿಲ್ಲ. ದ್ವೀಪದ ಈಶಾನ್ಯಕ್ಕೆ ಸಮುದ್ರದೊಳಕ್ಕೆ ಚಾಚಿಕೊಂಡಿರುವ ಮಸೋವಾಲ ಪರ್ಯಾಯದ್ವೀಪದ ಮಳೆಕಾಡು ಈ ಸಂಪತ್ತಿನ ಮುಖ್ಯ ಕಣಜಗಳಲ್ಲೊಂದು. 1997ರಲ್ಲಿ ಅದರ ಬಹುಭಾಗವನ್ನು ರಾಷ್ಟ್ರೀಯ ಉದ್ಯಾನವಾಗಿ ಘೋಷಿಸಲಾಯಿತು.

ಇಲ್ಲಿನ ‘ವುವಾನಿಯುವಾಲ’ ಎಂಬ ಮರದ ಹೆಸರೇ ಅರ್ಧ ಕಥೆ ಹೇಳುತ್ತದೆ. ಮಲಗಾಸಿ ಭಾಷೆಯಲ್ಲಿ ‘ವುವಾನಿಯು’ ಎಂದರೆ ತೆಂಗು, ‘ಆಲ’ ಎಂದರೆ ಕಾಡು. ಕಾಡಿನಂಚಿನ ಜನ ಹಿಂದಿನಿಂದಲೂ ಕಾಡುತೆಂಗು ಎಂದೇ ಕರೆಯುತ್ತಿದ್ದ ಈ ಮರವನ್ನು ಬ್ರಿಟನ್ನಿನ ಕ್ಯೂ ಸಸ್ಯೋದ್ಯಾನದ ತಜ್ಞ ಜಾನ್ ಡ್ರಾನ್ಸ್‌ಫೀಲ್ಡ್ 1989ರಲ್ಲಿ ಹೊಸ ಕುಲವೆಂದು ಶಾಸ್ತ್ರೀಯವಾಗಿ ವರ್ಣಿಸಿದರು; ಕುಲನಾಮವನ್ನು ಆ ಜನರ ಬಾಯಿಂದಲೇ ಎತ್ತಿಕೊಂಡರು. ಅವರ ಕಿವಿಗೆ ತಕ್ಕ ಶಾಸ್ತ್ರವೇ ಸಿಕ್ಕಿತು, ಏಕೆಂದರೆ ಮರ ನಿಜಕ್ಕೂ ತೆಂಗಿನ ಹತ್ತಿರದ ಬಳಗದ್ದು. ಒಂದು ವ್ಯತ್ಯಾಸ ಮಾತ್ರ ವಿಜ್ಞಾನಿಗಳನ್ನು ಬೆರಗುಗೊಳಿಸಿತು. ತೆಂಗಿನ ಜೀವಕೋಶದಲ್ಲಿರುವ ವರ್ಣತಂತುಗಳು 32. ಕಾಡುತೆಂಗಿನಲ್ಲಿ ಸುಮಾರು 600. ಏಕದಳ ಸಸ್ಯಗಳಲ್ಲಿ ಇಷ್ಟು ದೊಡ್ಡ ಸಂಖ್ಯೆ ಇನ್ನೊಂದರಲ್ಲಿ ಕಂಡುಬಂದಿಲ್ಲ.

ಇಂಥ ದೊಡ್ಡ ಮರ 1980ರ ದಶಕದವರೆಗೆ ಸಸ್ಯಶಾಸ್ತ್ರದ ಕಣ್ಣಿಗೆ ಬೀಳದೆ ಉಳಿದದ್ದು ಹೇಗೆ ಎಂಬ ಪ್ರಶ್ನೆ ಸಹಜ. ದಟ್ಟ ಮಳೆಕಾಡಿನಲ್ಲಿ ಹತ್ತು ಮಾರು ಆಚೆಗಿನದು ಕಾಣುವುದಿಲ್ಲ. ತಾಳೆಯ ಹೂಗೊನೆ ಇರುವುದು ಇತರ ಮರಗಳ ಕೊಂಬೆಗಳ ನಡುವಿನ ಸುಳಿಯ ಬಳಿ. ಆದ್ದರಿಂದ ಅನುಭವಿಗಳು ಮೇಲೆ ನೋಡುವ ಮುನ್ನ ನೆಲವನ್ನು ನೋಡುತ್ತಾರೆ. ಉದುರಿದ ಕಾಯಿ, ಕಳಚಿ ಬಿದ್ದ ಸೋಗೆ, ಬುಡದಲ್ಲಿ ಮೊಳೆತ ಸಸಿ – ಇವೇ ಸುಳಿವು.

ಮರ ಸಿಕ್ಕಿದ ಮೇಲೂ ಕಷ್ಟ ಮುಗಿಯುವುದಿಲ್ಲ. ಸಾಮಾನ್ಯ ಗಿಡವಾದರೆ ಹೂಬಿಟ್ಟ ಒಂದು ರೆಂಬೆಯನ್ನು ಕತ್ತರಿಸಿ ಕಾಗದದ ನಡುವೆ ಒತ್ತಿ ಒಣಗಿಸಿದರೆ ಮಾದರಿ ಸಿದ್ಧ. ನಾಲ್ಕೈದು ಮೀಟರ್ ಉದ್ದದ ಗರಿಯನ್ನು ಹಾಗೆ ಒತ್ತುವಂತಿಲ್ಲ. ಬುಡ, ನಡು, ತುದಿಗಳ ತುಂಡುಗಳನ್ನು ಬೇರೆಬೇರೆ ತೆಗೆದು, ಗರಿಗಳ ಸಂಖ್ಯೆ, ಕಾಂಡದ ಸುತ್ತಳತೆ, ಹೂಗೊನೆಯ ಕವಲುಗಳನ್ನು ಮರದ ಬುಡದಲ್ಲಿಯೇ ಕುಳಿತು ಬರೆದುಕೊಳ್ಳಬೇಕು. ಮಳೆಯಲ್ಲಿ ಈ ಕೆಲಸಕ್ಕೆ ಅರ್ಧ ದಿನವೇ ಹಿಡಿಯಬಹುದು. ಎಷ್ಟೋ ಸಸ್ಯ ಸಂಗ್ರಾಹಕರು ತಾಳೆಗಳನ್ನು ನೋಡಿಯೂ ನೋಡದಂತೆ ಮುಂದೆ ಸಾಗಿದ್ದಕ್ಕೆ ಇದೇ ಕಾರಣ. ಡ್ರಾನ್ಸ್‌ಫೀಲ್ಡ್ ಮತ್ತು ಹೆಂಕ್ ಬೀಂಟ್ಯೆ 1995ರಲ್ಲಿ ಮಡಗಾಸ್ಕರ್ ತಾಳೆಗಳ ಸಮಗ್ರ ಗ್ರಂಥವನ್ನು ಹೊರತಂದ ಮೇಲೆಯೇ ಈ ಕೊರತೆ ಬಹುಮಟ್ಟಿಗೆ ನೀಗಿತು.

ವಿದ್ವಾಂಸರಿಗೆ ಹೊಸದಾದದ್ದು ಊರವರಿಗೆ ಹಳೆಯದಾಗಿರುವುದು ಮಡಗಾಸ್ಕರ್‌ನ ಮಾತಷ್ಟೇ ಅಲ್ಲ. ನೆಲದೊಳಗೇ ಹೂಬಿಟ್ಟು ಕಾಯಿಕಟ್ಟುವ ಬೋರ್ನಿಯೊದ ‘ಪಿನಂಗಾ ಸಬ್‌ಟೆರೇನಿಯಾ’ 2023ರಲ್ಲಿ ವಿಜ್ಞಾನಕ್ಕೆ ಹೊಸದೆಂದು ಪ್ರಕಟವಾಯಿತು. ಸ್ಥಳೀಯರು ಅದರ ಹಣ್ಣನ್ನು ಮೊದಲಿನಿಂದಲೂ ಅಗೆದು ತಿನ್ನುತ್ತಿದ್ದರು.

ಆದರೆ ಹೆಸರು ಬಂದೊಡನೆ ಬೆಲೆಯೂ ಬರುತ್ತದೆ. ಅಪರೂಪದ ತಾಳೆಗಳನ್ನು ಬೆಳೆಸುವ ಹವ್ಯಾಸಿಗಳು ಅನೇಕ ದೇಶಗಳಲ್ಲಿದ್ದಾರೆ. ಅವರಿಗಾಗಿ ಬೀಜ ಹೆಕ್ಕುವವರು ಕಾಡಿನಲ್ಲಿದ್ದಾರೆ. ಕೆಲವೇ ಮರಗಳಿರುವ ಕಡೆ ಬಿದ್ದ ಕಾಯಿಯನ್ನೆಲ್ಲ ಆರಿಸಿಕೊಂಡು ಹೋದರೆ ಮುಂದಿನ ಪೀಳಿಗೆಯ ಸಸಿ ಏಳುವುದೆಲ್ಲಿ? ಅಪರೂಪದ ಸಸ್ಯಗಳ ನಿಖರ ನೆಲೆಯನ್ನು ಎಷ್ಟೋ ವೇಳೆ ಪ್ರಕಟಣೆಯಿಂದ ಮರೆಮಾಡುವುದು ಇದಕ್ಕಾಗಿಯೇ. ಇನ್ನೊಂದು ಹೊಡೆತ ಹಸಿವಿನದು. ತಾಳೆಯ ಎಳೆಯ ಸುಳಿ ರುಚಿಯಾದ ತರಕಾರಿ. ಒಂಟಿ ಕಾಂಡದ ಮರಕ್ಕೆ ಬೆಳೆಯುವ ತುದಿ ಅದೊಂದೇ ಆದುದರಿಂದ ಸುಳಿ ತೆಗೆದರೆ ಮರ ಸತ್ತಂತೆ. ಮಲೆನಾಡಿನ ಹಿಂದಿನ ಕುಮರಿ ಬೇಸಾಯವನ್ನು ಹೋಲುವ ‘ತಾವಿ’ ಪದ್ಧತಿಯಲ್ಲಿ ಭತ್ತಕ್ಕಾಗಿ ಕಾಡು ಕಡಿದು ಸುಡುವುದೂ ನಿಂತಿಲ್ಲ.

2012ರ ಅಕ್ಟೋಬರ್‌ನಲ್ಲಿ ನಮ್ಮ ನೆರೆಯ ಹೈದರಾಬಾದಿನಲ್ಲಿ ನಡೆದ ಜೀವವೈವಿಧ್ಯ ಸಮ್ಮೇಳನದ ವೇಳೆ ಅಂತಾರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟವು ಮಡಗಾಸ್ಕರ್‌ನ 192 ತಾಳೆ ಪ್ರಭೇದಗಳ ಪೈಕಿ ಶೇ. 83ರಷ್ಟು ಅಳಿವಿನ ಭೀತಿಯಲ್ಲಿವೆ ಎಂದು ಪ್ರಕಟಿಸಿತು. ಕಾಡುತೆಂಗು ‘ತೀವ್ರ ಅಪಾಯ’ದ ವರ್ಗದಲ್ಲಿದೆ, ಗುರುತಿಸಲಾಗಿರುವ ಬಲಿತ ಮರಗಳು ಬೆರಳೆಣಿಕೆಯಷ್ಟು. ಮಸೋವಾಲವೂ ಸೇರಿದಂತೆ ಪೂರ್ವದ ಮಳೆಕಾಡುಗಳು 2007ರಲ್ಲಿ ವಿಶ್ವ ಪರಂಪರೆಯ ತಾಣವಾದವು. ಬೀಟೆ ಜಾತಿಯ ಮರಗಳ ಅಕ್ರಮ ಕಡಿತಲೆಯಿಂದಾಗಿ 2010ರಲ್ಲಿ ಅಪಾಯದ ಪಟ್ಟಿಗೆ ಸೇರಿದವು; 2025ರಲ್ಲಿ ಅದರಿಂದ ಹೊರಬಂದವು.

ಬೀಜದ ವ್ಯಾಪಾರವನ್ನೇ ರಕ್ಷಣೆಗೆ ತಿರುಗಿಸಿದ ಪ್ರಯತ್ನವೊಂದು ದ್ವೀಪದ ಒಣ ವಾಯವ್ಯ ಭಾಗದಲ್ಲಿ ನಡೆಯಿತು. ಅಲ್ಲಿನ ಸುಣ್ಣಕಲ್ಲಿನ ಗುಡ್ಡದ ಬಳಿ ಕಂಡ, 2008ರಲ್ಲಿ ‘ತಹೀನಾ’ ಎಂದು ಹೆಸರು ಪಡೆದ ದೈತ್ಯ ತಾಳೆ ಹಲವು ದಶಕ ಬೆಳೆದು, ಒಮ್ಮೆ ಮಾತ್ರ ಹೂಬಿಟ್ಟು ಸಾಯುತ್ತದೆ. ಅದರ ಬೀಜಗಳನ್ನು ಸಸ್ಯೋದ್ಯಾನಗಳಿಗೆ ಹಂಚಿ, ಮಾರಾಟದ ಹಣ ಹಳ್ಳಿಗೇ ಸೇರುವಂತೆ ಏರ್ಪಾಡು ಮಾಡಲಾಯಿತು. ಬಯಲಿನಲ್ಲಿ ನಿಂತ ತಹೀನಾವನ್ನು ಹಳ್ಳಿಗರು ಕಾಯಬಲ್ಲರು. ಮಸೋವಾಲದ ಕಾಡುತೆಂಗು ಇರುವುದು ದಿನಗಟ್ಟಲೆ ನಡೆದು ತಲುಪಬೇಕಾದ ಕಾಡಿನೊಳಗೆ. ಅಲ್ಲಿ ಕಾವಲಿಗಿಂತ ಮೊದಲು ಕತ್ತಿ ತಲುಪುತ್ತದೆ.