ಕಡಲಿನ ನೆರೆಹೊರೆ

ನಮ್ಮ ಬಬ್ಬೂರಿನವರಿಗೆ ನದಿಯೆಂದರೆ ವೇದಾವತಿ, ಸಾಗರವೆಂದರೆ ಮಾರಿಕಣಿವೆಯ ವಾಣಿ ವಿಲಾಸ ಸಾಗರ. 1907ರಲ್ಲಿ ಕಟ್ಟಿ ಮುಗಿಸಿದ ಆ ಜಲಾಶಯ 1933ರಲ್ಲಿ ಕೋಡಿ ಬಿದ್ದದ್ದು ಬಿಟ್ಟರೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಹೀಗೆ ಮೋಡ ನೋಡುತ್ತಲೇ ಬೆಳೆದ ನನಗೆ ನಿಜವಾದ ಕಡಲಿನ ಪರಿಚಯ ಮಾಡಿಸಿದವಳು ಬಿ.ಎಡ್. ಓದುವಾಗ ಹಾಸ್ಟೆಲಿನಲ್ಲಿ ಜೊತೆಗಿದ್ದ ಮಲ್ಪೆಯ ಗೆಳತಿ. ನಾನು ಊರಿನಿಂದ ಶೇಂಗಾ ಚಟ್ನಿಪುಡಿ ತಂದರೆ ಅವಳು ಒಣ ಸೀಗಡಿಯ ಚಟ್ನಿಯನ್ನು ಬಚ್ಚಿಟ್ಟು ತರುತ್ತಿದ್ದಳು. ಅವಳ ತಂದೆ ಟ್ರಾಲರ್ ಬೋಟಿನ ತಾಂಡೇಲರು, ಅಂದರೆ ಬೋಟು ನಡೆಸುವವರು.

ಒಂದು ರಜೆಯಲ್ಲಿ ಅವರ ಮನೆಗೆ ಹೋದಾಗ ಅಜ್ಜಿ ರಂಪಣಿಯ ಕಾಲದ ಕಥೆ ಹೇಳಿದರು. ರಂಪಣಿಯೆಂದರೆ ದಡದಿಂದ ಎಳೆಯುವ ಬಹು ದೊಡ್ಡ ಬಲೆ. ಹತ್ತಾರು ಜನ ಸಾಲಾಗಿ ನಿಂತು ಹಗ್ಗ ಎಳೆಯಬೇಕು. ಸಿಕ್ಕ ಬಂಗುಡೆ, ಬೂತಾಯಿಯನ್ನು ಪಾಲು ಹಂಚಿಕೊಳ್ಳಬೇಕು. ಊರೆಲ್ಲ ಒಂದೇ ಬಲೆಗೆ ಸೇರಿದಂತೆ.

1952ರ ಭಾರತ-ನಾರ್ವೆ ಒಪ್ಪಂದದಂತೆ ಕೇರಳದ ನೀಂಡಕರದಲ್ಲಿ ಯಂತ್ರದ ದೋಣಿಗಳ ಯೋಜನೆ ಆರಂಭವಾಯಿತು. ಮುಂದೆ ಕಾರವಾರಕ್ಕೂ ಆ ಯೋಜನೆ ಬಂತು. ನಮ್ಮ ಕರಾವಳಿಯಲ್ಲಿ ಟ್ರಾಲರುಗಳು ಹೆಚ್ಚಿದವು. ಸಾವಿರದ ಒಂಬೈನೂರ ಎಪ್ಪತ್ತರ ದಶಕದ ನಡುವೆ ಬಂದ ಪರ್ಸೀನ್ ಬೋಟುಗಳು ಮೀನಿನ ಹಿಂಡು ದಡಕ್ಕೆ ಬರುವ ಮೊದಲೇ ಸುತ್ತುವರಿದು ಹಿಡಿದವು. ರಂಪಣಿಗಳು ಒಂದೊಂದಾಗಿ ಮೂಲೆ ಸೇರಿದವು. "ಮೀನು ಹೆಚ್ಚಾಯಿತು, ಮಾತು ಕಡಿಮೆಯಾಯಿತು" ಎಂದರು ಅಜ್ಜಿ.

ಆದರೆ ತಾಂಡೇಲರು ಇದನ್ನು ಪೂರ್ತಿ ಒಪ್ಪಲಿಲ್ಲ. ಐಸು, ಡೀಸೆಲ್, ಅಕ್ಕಿ ತುಂಬಿಕೊಂಡು ಹತ್ತು ಹನ್ನೆರಡು ದಿನ ಆಳ ಸಮುದ್ರಕ್ಕೆ ಹೋಗುವ ಬೋಟುಗಳು ಒಂಟಿಯಾಗಿ ಹೋಗುವುದಿಲ್ಲ. ಗೋವೆ ದಾಟಿ ಮಹಾರಾಷ್ಟ್ರದ ಮಾಲ್ವಣ, ರತ್ನಾಗಿರಿಯ ಕಡೆಗೂ ಗುಂಪಾಗಿ ಹೋಗುತ್ತವೆ. ಮಲ್ಪೆಯವರ ಜೊತೆ ಕುಮಟೆಯವರು, ಭಟ್ಕಳದವರು ಒಂದೇ ಒಲೆಯ ಅನ್ನ ಉಣ್ಣುತ್ತಾರೆ. ಒಬ್ಬರ ಯಂತ್ರ ಕೆಟ್ಟರೆ ಇನ್ನೊಬ್ಬರು ಹಗ್ಗ ಕಟ್ಟಿ ಎಳೆದು ತರುತ್ತಾರೆ. ರಾತ್ರಿ ವೈರ್‌ಲೆಸ್ಸಿನಲ್ಲಿ ಊಟವಾಯಿತೇ ಎಂದು ವಿಚಾರಿಸುತ್ತಾರೆ. "ಮುಖ ನೋಡದೆಯೇ ಸ್ನೇಹಿತರಾದವರು ಎಷ್ಟೋ ಜನ ಮಗಳೇ" ಎಂದು ಅವರು ನಕ್ಕದ್ದು ನೆನಪಿದೆ.

2018ರ ಡಿಸೆಂಬರ್ 13ರಂದು ಮಲ್ಪೆಯಿಂದ ಹೊರಟ 'ಸುವರ್ಣ ತ್ರಿಭುಜ' ಬೋಟು ಒಂದೆರಡು ದಿನಗಳಲ್ಲೇ ಸಂಪರ್ಕಕ್ಕೆ ಸಿಗದಾಯಿತು. ಅದರಲ್ಲಿದ್ದವರು ಏಳು ಜನ, ಉಡುಪಿ ಮತ್ತು ಉತ್ತರ ಕನ್ನಡ ಜಿಲ್ಲೆಯವರು. ಆಗ ಗೆಳತಿಯ ತಮ್ಮನೂ ಬೇರೊಂದು ಬೋಟಿನಲ್ಲಿ ಕಡಲಲ್ಲಿದ್ದ. ಅವನು ತಿರುಗಿ ಬಂದ. ಆ ರಾತ್ರಿ ಫೋನು ಮಾಡಿದ ಗೆಳತಿ, "ನಮ್ಮವನು ಬಂದ ಮಾರಾಯ್ತಿ, ಆದರೆ ಅನ್ನ ಗಂಟಲಲ್ಲಿ ಇಳಿಯುವುದಿಲ್ಲ. ಅವರ ಮನೆಯಲ್ಲೂ ಬಾಗಿಲು ತೆರೆದೇ ಇಟ್ಟಿರುತ್ತಾರಲ್ಲ" ಎಂದು ಅತ್ತಳು.

ನೌಕಾಪಡೆ, ಕೋಸ್ಟ್ ಗಾರ್ಡ್ ಹುಡುಕಿದವು. 2019ರ ಜನವರಿಯಲ್ಲಿ ಮೀನುಗಾರರು ಬೋಟುಗಳನ್ನು ದಡದಲ್ಲಿ ನಿಲ್ಲಿಸಿ, ಉಡುಪಿಯಲ್ಲಿ ಹೆದ್ದಾರಿಗಿಳಿದು ಪ್ರತಿಭಟಿಸಿದರು. ದಿನದ ದುಡಿಮೆ ಬಿಟ್ಟು ಅವರು ಬೀದಿಗೆ ಬಂದದ್ದು ಬಂಧುಗಳಿಗಾಗಿ ಮಾತ್ರವಲ್ಲ, ಕಡಲಿನ ನೆರೆಯವರಿಗಾಗಿ. ಮೇ ತಿಂಗಳಲ್ಲಿ ಮಾಲ್ವಣದ ಆಚೆ, ಸಮುದ್ರದ ತಳದಲ್ಲಿ ನೌಕಾಪಡೆಗೆ ಬೋಟಿನ ಅವಶೇಷ ಸಿಕ್ಕಿತು. ಆ ಏಳು ಜನ ಮಾತ್ರ ಮನೆಗೆ ಬರಲಿಲ್ಲ.

ರಂಪಣಿಯ ಹಗ್ಗ ಕಳಚಿಕೊಂಡರೂ ಅದರ ಹಿಡಿತ ಕಳಚಿಲ್ಲವೆಂದು ನನಗೆ ಅಂದು ಅನ್ನಿಸಿತು. ಅಜ್ಜಿಯ ಮಾತೂ ನಿಜ, ತಾಂಡೇಲರ ಮಾತೂ ನಿಜ.

ಈಗ ಜೂನ್, ಜುಲೈನಲ್ಲಿ ಯಂತ್ರದ ಬೋಟುಗಳು ಕಡಲಿಗಿಳಿಯುವಂತಿಲ್ಲ. ಅದೇ ತಿಂಗಳುಗಳಲ್ಲಿ ಇಲ್ಲಿ ನಾವು ಬಿತ್ತನೆಯ ಮಳೆಗೆ ಕಾಯುತ್ತೇವೆ. ಮಳೆ ಬಂತೇ ಎಂದು ಅವಳು ಕೇಳುತ್ತಾಳೆ. ತಮ್ಮ ಮನೆಯಲ್ಲಿದ್ದಾನೆಯೇ ಎಂದು ನಾನು ಕೇಳುತ್ತೇನೆ. ಆಗಸ್ಟ್ ಬಂದೊಡನೆ ನಮ್ಮ ಹೊಲದ ಮೇಲೆ ತೇಲುವ ಮೋಡ ಕಂಡರೂ ನನಗೆ ಮೊದಲು ನೆನಪಾಗುವುದು ಮಲ್ಪೆಯ ಆ ಮನೆಯ ಬಾಗಿಲು.