ಬಾಲ್ಟಿಕ್ ಸಮುದ್ರ ಮತ್ತು ಹೆಲ್ಸಿಂಕಿ ಒಡಂಬಡಿಕೆ

ಉತ್ತರ ಯುರೋಪಿನ ಬಾಲ್ಟಿಕ್ ಸಮುದ್ರವು ಬಹುತೇಕ ನೆಲದಿಂದ ಸುತ್ತುವರಿದ, ಆಳ ಕಡಿಮೆಯಿರುವ ಕಡಲು. ಡೆನ್ಮಾರ್ಕಿನ ಬಳಿಯ ಕಿರಿದಾದ ಜಲಸಂಧಿಗಳ ಮೂಲಕವಷ್ಟೇ ಅದಕ್ಕೆ ಹೊರಸಾಗರದ ಸಂಪರ್ಕವಿದೆ. ಅದರ ನೀರು ಪೂರ್ಣವಾಗಿ ಬದಲಾಗಲು ಸುಮಾರು 30 ವರ್ಷಗಳು ಬೇಕಾಗುತ್ತವೆ. ಆದುದರಿಂದ ಒಂದು ದಡದಲ್ಲಿ ಸುರಿದ ವಿಷವು ಉಳಿದ ದಡಗಳಿಗೂ ಪಾಲಾಗುತ್ತದೆ. 1966ರಲ್ಲಿ ಸ್ವೀಡನ್ನಿನ ವಿಜ್ಞಾನಿ ಸೋರೆನ್ ಯೆನ್ಸನ್ ಅವರು ಪಿಸಿಬಿ ಎಂಬ ಕೈಗಾರಿಕಾ ರಾಸಾಯನಿಕವನ್ನು ಮೀನು ಹಾಗೂ ಕಡಲಹದ್ದುಗಳ ದೇಹದಲ್ಲಿ ಗುರುತಿಸಿದಾಗ ಅಪಾಯದ ಸ್ವರೂಪವು ಸ್ಪಷ್ಟವಾಯಿತು.

ಆದರೆ ಈ ಕಡಲಿನ ದಡಗಳನ್ನು ಶೀತಲ ಸಮರವು ಒಡೆದಿತ್ತು. ಪೂರ್ವ ಜರ್ಮನಿಗೆ ಪಶ್ಚಿಮದ ರಾಷ್ಟ್ರಗಳ ಮಾನ್ಯತೆಯಿರಲಿಲ್ಲವಾಗಿ ಎಲ್ಲರೂ ಸಮಾನರಾಗಿ ಒಂದೆಡೆ ಕುಳಿತು ಸಹಿ ಹಾಕುವುದು ಕಷ್ಟವಾಗಿತ್ತು. 1972ರಲ್ಲಿ ಎರಡು ಜರ್ಮನಿಗಳ ನಡುವೆ ಒಪ್ಪಂದವಾಗಿ, 1973ರಲ್ಲಿ ಎರಡೂ ವಿಶ್ವಸಂಸ್ಥೆಯನ್ನು ಸೇರಿದ ಮೇಲೆ ಈ ತೊಡಕು ನೀಗಿತು. 1974ರ ಮಾರ್ಚ್ 22ರಂದು ತಟಸ್ಥ ಫಿನ್ಲೆಂಡಿನ ರಾಜಧಾನಿ ಹೆಲ್ಸಿಂಕಿಯಲ್ಲಿ ಏಳು ಕರಾವಳಿ ರಾಷ್ಟ್ರಗಳು ಒಡಂಬಡಿಕೆಗೆ ಸಹಿ ಹಾಕಿದವು. ನೆಲ, ಹಡಗು, ಗಾಳಿ ಈ ಮೂರೂ ಮೂಲಗಳ ಮಾಲಿನ್ಯವನ್ನು ಇಡೀ ಕಡಲಿಗೆ ಅನ್ವಯಿಸಿ ಒಂದೇ ಒಡಂಬಡಿಕೆಯ ವ್ಯಾಪ್ತಿಗೆ ತಂದದ್ದು ಅದೇ ಮೊದಲು. 1980ರ ಮೇ 3ರಂದು ಅದು ಜಾರಿಗೆ ಬಂದಿತು.

ಈ ಒಮ್ಮತಕ್ಕೆ ತೆತ್ತ ಬೆಲೆಯೂ ಗಮನಾರ್ಹ. ರಾಷ್ಟ್ರಗಳ ಸಾರ್ವಭೌಮತ್ವವನ್ನು ಮನ್ನಿಸಿ ಒಳನಾಡಿನ ಜಲಗಳನ್ನು ಒಡಂಬಡಿಕೆಯ ಹೊರಗಿರಿಸಲಾಯಿತು. ನಗರಗಳ ಕೊಳಚೆಯನ್ನೂ ಹೊಲಗಳ ಗೊಬ್ಬರವನ್ನೂ ಹೊತ್ತು ತರುವ ನದಿಗಳು ಅದರ ನೇರ ಅಧಿಕಾರಕ್ಕೆ ಸಿಗಲಿಲ್ಲ. ಕಡಲನ್ನು ಕಾಯಹೊರಟ ಕಾನೂನು ದಡದಲ್ಲಿಯೇ ನಿಂತಿತು.

ಸೋವಿಯತ್ ಒಕ್ಕೂಟದ ವಿಘಟನೆಯ ತರುವಾಯ, 1992ರ ಏಪ್ರಿಲ್‌ನಲ್ಲಿ ರೂಪುಗೊಂಡ ಹೊಸ ಒಡಂಬಡಿಕೆಯು ಒಳನಾಡಿನ ಜಲಗಳನ್ನೂ ಒಳಗೊಂಡು, ಇಡೀ ಜಲಾನಯನ ಪ್ರದೇಶದ ಮಾಲಿನ್ಯವನ್ನು ತಗ್ಗಿಸುವ ಹೊಣೆಯನ್ನು ವಿಧಿಸಿತು. ಅದು 2000ದ ಜನವರಿಯಲ್ಲಿ ಜಾರಿಗೊಂಡಿತು. 2005ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನ ನೈರುತ್ಯ ಭಾಗದ ಕೊಳಚೆ ಶುದ್ಧೀಕರಣ ಘಟಕವು ನೆರೆರಾಷ್ಟ್ರಗಳ ನೆರವಿನಿಂದ ಪೂರ್ಣಗೊಂಡಿತು.

ಫಲಿತಾಂಶ ಸಮಿಶ್ರವಾದುದು. ಡಿಡಿಟಿ, ಪಿಸಿಬಿಗಳು ತಗ್ಗಿ ಕಡಲಹದ್ದುಗಳು ಚೇತರಿಸಿಕೊಂಡವು. ಆದರೆ ಗೊಬ್ಬರದ ಸಾರಜನಕ ಮತ್ತು ರಂಜಕಗಳಿಂದ ಪಾಚಿ ಬೆಳೆದು, ಅದು ಕೊಳೆಯುವಾಗ ಆಳದ ನೀರು ಆಮ್ಲಜನಕವನ್ನು ಕಳೆದುಕೊಳ್ಳುವುದು ನಿಂತಿಲ್ಲ. 2021ರೊಳಗೆ ಕಡಲನ್ನು ಸುಸ್ಥಿತಿಗೆ ತರುವ 2007ರ ಸಂಕಲ್ಪವು ಈಡೇರದೆ, 2021ರಲ್ಲಿ ಯೋಜನೆಯನ್ನು ಪರಿಷ್ಕರಿಸಬೇಕಾಯಿತು. 2022ರಲ್ಲಿ ರಷ್ಯಾ ಉಕ್ರೇನಿನ ಮೇಲೆ ಪೂರ್ಣಪ್ರಮಾಣದ ಆಕ್ರಮಣ ನಡೆಸಿದ ಬಳಿಕ, ಆ ರಾಷ್ಟ್ರವನ್ನೊಳಗೊಂಡ ಅಧಿಕೃತ ಸಭೆಗಳನ್ನು ಉಳಿದವು ಸ್ಥಗಿತಗೊಳಿಸಿದವು. ಶೀತಲ ಸಮರದ ನಡುವೆಯೂ ಕೂಡಿದ್ದ ದಡಗಳು ಮತ್ತೆ ದೂರವಾದವು. ಅವುಗಳ ನಡುವಿನ ನೀರು ಮಾತ್ರ ಇಂದಿಗೂ ಒಂದೇ ಆಗಿದೆ.