ಮಾಸ್ತರರು ಊರಲ್ಲಿ ನಿಲ್ಲಬೇಕಾದರೆ

ಯಾದಗಿರಿಯ ಬಳಿಯ ರಾಮಸಮುದ್ರದ ಹೆಸರು ಕೇಳಿದವರಾರೂ ಅಲ್ಲಿ ಕಡಲನ್ನು ಹುಡುಕುವುದಿಲ್ಲ. ಕನ್ನಡ ನಾಡಿನ ಊರ ಹೆಸರುಗಳಲ್ಲಿ ಸಮುದ್ರವೆಂದರೆ ಸಾಮಾನ್ಯವಾಗಿ ಕೆರೆ. ನಮ್ಮ ಹಿರಿಯರು ಕೆರೆಯನ್ನು ಕಟ್ಟಿಸಿ ಸುಮ್ಮನಾಗುತ್ತಿರಲಿಲ್ಲ. ತೂಬು ತೆರೆದು ಮುಚ್ಚುವ ನೀರುಗಂಟಿಗೆ, ಏರಿಗೆ ಮಣ್ಣು ಹೊರುವ ಬಂಡಿಗೆ ಇಂತಿಷ್ಟು ಹೊಲವೆಂದು ಬಿಡುತ್ತಿದ್ದರು. ಕಟ್ಟಿಸುವುದು ಒಂದು ಸಲದ ಕೆಲಸ, ಕಾಯುವುದು ದಿನದಿನದ ಕೆಲಸ ಎಂಬ ತಿಳಿವಳಿಕೆ ಅವರಿಗಿತ್ತು. ಶಾಲೆಯ ವಿಷಯದಲ್ಲಿಯೂ ಈ ತಿಳಿವಳಿಕೆ ಇದ್ದಿತೇ? ಕನ್ನಡ ಕಲಿಸುವುದನ್ನೇ ಕಸುಬಾಗಿ ಮಾಡಿಕೊಂಡ ನನಗೆ ಶಾಸನಗಳನ್ನು ಓದುವಾಗಲೆಲ್ಲ ಈ ಪ್ರಶ್ನೆ ಎದುರಾಗಿದೆ.

ಉತ್ತರ ದೂರದಲ್ಲಿಲ್ಲ. ಯಾದಗಿರಿಯ ಉತ್ತರಕ್ಕೆ ಚಿತ್ತಾಪುರ. ಅದಕ್ಕೆ ಅಂಟಿಕೊಂಡೇ ನಾಗಾವಿ. ಅರವತ್ತು ಕಂಬದ ಗುಡಿಯನ್ನು ನೋಡಲು ಹೋದವರಿಗೆ ಅಲ್ಲೊಂದು ದೊಡ್ಡ ವಿದ್ಯಾಕೇಂದ್ರವಿತ್ತೆಂದು ಥಟ್ಟನೆ ಹೊಳೆಯಲಾರದು. ಚಾಲುಕ್ಯ ಒಂದನೆಯ ಸೋಮೇಶ್ವರನ ದಂಡನಾಯಕ ಮಧುಸೂದನನು ಸ್ಥಾಪಿಸಿದ ಘಟಿಕಾಸ್ಥಾನದ ವಿವರವನ್ನು 1058ರ ಶಾಸನ ಹೇಳುತ್ತದೆ. ವೇದ ಓದುವವರು 200 ಮಂದಿ, ಶಾಸ್ತ್ರ ಓದುವವರು 52 ಮಂದಿ. ವೇದಕ್ಕೆ ಮೂವರು, ಶಾಸ್ತ್ರಕ್ಕೆ ಮೂವರು ಉಪಾಧ್ಯಾಯರು. ಇಷ್ಟಕ್ಕೇ ಲೆಕ್ಕ ಮುಗಿಯಲಿಲ್ಲ. ಪುಸ್ತಕಗಳನ್ನು ನೋಡಿಕೊಳ್ಳಲು ಆರು ಮಂದಿ ಸರಸ್ವತೀ ಭಂಡಾರಿಗರು. ಇವರ ನಿರ್ವಾಹಕ್ಕೆ ಭೂಮಿಯನ್ನು ಬಿಡಲಾಗಿತ್ತು. ಪಾಠ ಹೇಳುವವನನ್ನು ಗೌರವಿಸಿ ಗ್ರಂಥ ಕಾಯುವವನನ್ನು ಮರೆಯುವ ಅಭ್ಯಾಸ ಆ ದಂಡನಾಯಕನಿಗಿರಲಿಲ್ಲ.

ಅದಕ್ಕೂ ನೂರು ವರ್ಷ ಹಿಂದೆ, ವಿಜಯಪುರ ಸೀಮೆಯ ಸಾಲೋಟಗಿಯಲ್ಲಿ ಇನ್ನೂ ಬೆಡಗಿನ ಏರ್ಪಾಡು ಕಾಣುತ್ತದೆ. ರಾಷ್ಟ್ರಕೂಟ ಮೂರನೆಯ ಕೃಷ್ಣನ ಮಂತ್ರಿ ನಾರಾಯಣನು ಕಟ್ಟಿಸಿದ ಶಾಲೆಗೆ 945ರಲ್ಲಿ 500 ನಿವರ್ತನ ಭೂಮಿ, ವಿದ್ಯಾರ್ಥಿಗಳಿಗೆ 27 ಮನೆಗಳು, ದೀಪದೆಣ್ಣೆಗೆಂದು 12 ನಿವರ್ತನ. ವ್ಯಾಖ್ಯಾನ ಹೇಳುವ ಗುರುವಿಗೆ ಬೇರೆಯೇ 50 ನಿವರ್ತನ, ವಾಸಕ್ಕೊಂದು ಮನೆ. ಮದುವೆಯಾದ ಮನೆಯವರು 5 ನಾಣ್ಯ, ಮುಂಜಿ ಮಾಡಿದವರು ಎರಡೂವರೆ, ಚೌಲ ಮಾಡಿದವರು ಒಂದೂಕಾಲು ಶಾಲೆಗೆ ಸಲ್ಲಿಸಬೇಕು. ಊರಿನ ಮಂಗಳಕಾರ್ಯದಲ್ಲೆಲ್ಲ ಶಾಲೆಗೊಂದು ಪಾಲು! ಅರಸನ ಬೊಕ್ಕಸ ಬರಿದಾದರೂ ಊರಿನಲ್ಲಿ ಮದುವೆ ಮುಂಜಿಗಳು ನಿಲ್ಲುವುದಿಲ್ಲವಷ್ಟೆ. ಹೊಲವೂ ಮನೆಯೂ ಇದ್ದ ಗುರು ಆ ಊರಿನವನೇ ಆಗುತ್ತಿದ್ದ. ಬಿಟ್ಟುಹೋಗುವ ಯೋಚನೆ ಅವನಿಗೆ ಸುಲಭವಾಗಿ ಬರುವಂತಿರಲಿಲ್ಲ.

ಆದರೆ ಹಳೆಯದನ್ನೆಲ್ಲ ಹೊಗಳಿ ಹಾಡುವುದು ನ್ಯಾಯವಲ್ಲ. ಸಾಲೋಟಗಿಯ, ನಾಗಾವಿಯ ಶಾಲೆಗಳ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲ. ಉತ್ತ ಬೆಳೆದವನ ಮಗ ಹೊರಗೇ ಉಳಿದ. ಹೆಣ್ಣುಮಕ್ಕಳ ಮಾತಂತೂ ಬೇಡ. ಊರ ಮಕ್ಕಳಿಗೆ ಮರಳಿನ ಮೇಲೆ ಅಕ್ಷರ ತೀಡಿಸುತ್ತಿದ್ದವನು ಬೇರೆ. 1812ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟಿನ ಮುಂದೆ ಬಂದ ಐದನೆಯ ವರದಿ ದಕ್ಷಿಣದ ಹಳ್ಳಿಯ ಸೇವಕರನ್ನು ಎಣಿಸುವಾಗ ತಳವಾರ, ನೀರುಗಂಟಿ, ಕಮ್ಮಾರ, ಬಡಗಿಯರ ಜತೆಗೆ ಆ ಮಾಸ್ತರನನ್ನೂ ಎಣಿಸಿದೆ. ಅಂದರೆ ಅವನೂ ಊರಿನ ಆಯಕ್ಕೆ ಸೇರಿದವನೆಂಬ ಭಾವನೆ ಇತ್ತು.

ಆ ಮಾಸ್ತರನ ಸ್ಥಿತಿ ಮುಂದೆ ಏನಾಯಿತೆಂಬುದಕ್ಕೆ ಬಳ್ಳಾರಿಯ ಸಾಕ್ಷಿಯಿದೆ. ನಿಜಾಮರು 1800ರಲ್ಲಿ ಇಂಗ್ಲಿಷರಿಗೆ ಬಿಟ್ಟುಕೊಟ್ಟ ಆ ಸೀಮೆಯ ಕಲೆಕ್ಟರ್ ಕ್ಯಾಂಬೆಲ್ 1823ರಲ್ಲಿ ತನ್ನ ಜಿಲ್ಲೆಯ ಶಾಲೆಗಳನ್ನು ಎಣಿಸಿದ. ಒಟ್ಟು 533 ಶಾಲೆಗಳು. ಅವುಗಳಲ್ಲಿ ಕನ್ನಡದವು 235. ಓದುವವರು 6,641, ಹೆಣ್ಣುಮಕ್ಕಳು ಕೇವಲ 60. ಈ 533ರಲ್ಲಿ ಒಂದಕ್ಕೂ ಸರ್ಕಾರದ ಆಸರೆಯಿಲ್ಲ, ಹಿಂದಿನ ಅರಸರು ಹಣವನ್ನೂ ಭೂಮಿಯನ್ನೂ ಕೊಡುತ್ತಿದ್ದರು ಎಂದು ಆ ಅಧಿಕಾರಿ ಸಂಕೋಚವಿಲ್ಲದೆ ಬರೆದ. ಮಕ್ಕಳ ತಂದೆತಾಯಿಗಳು ಕೊಟ್ಟದ್ದೇ ಮಾಸ್ತರನ ಗಳಿಕೆ. ಬಡವನು ಮಗನನ್ನು ಕೆಲಸಕ್ಕೆ ಹಚ್ಚಿದ ದಿನ ಮಾಸ್ತರನ ತುತ್ತಿನಲ್ಲಿಯೂ ಒಂದು ಪಾಲು ಕಡಿಮೆಯಾಗುತ್ತಿತ್ತು. ಶಾಲೆ ಮುಚ್ಚಲು ಯಾರೂ ಆಜ್ಞೆ ಹೊರಡಿಸಬೇಕಿರಲಿಲ್ಲ. ಮಾಸ್ತರನ ಮನೆಯ ಒಲೆ ಆರಿದರೆ ಸಾಕಾಗಿತ್ತು.

ಕೃಷ್ಣೆಯ ಈಚೆಗಿನ ಯಾದಗಿರಿ, ಶಹಾಪುರ, ಸುರಪುರಗಳ ಕಥೆಗೆ ಇನ್ನೊಂದು ತೊಡಕು ಸೇರಿತು. 1860ರಲ್ಲಿ ಸುರಪುರವೂ ನಿಜಾಮರ ಕೈಗೆ ಹೋಯಿತು. 1884ರಲ್ಲಿ ಹೈದರಾಬಾದಿನ ಆಡಳಿತ ಭಾಷೆ ಪಾರಸಿಯಿಂದ ಉರ್ದುವಿಗೆ ತಿರುಗಿತು. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನಾಭಾಷೆಯೂ ಉರ್ದುವೇ ಆಯಿತು. ಕಚೇರಿಯಲ್ಲಿ ಬೆಲೆಯಿಲ್ಲದ ಭಾಷೆಯ ಮಾಸ್ತರನನ್ನು ಸಾಕುವವರಾರು? ಕಲಬುರ್ಗಿಯ ನೂತನ ವಿದ್ಯಾಲಯದಂಥ ಕೆಲವು ಖಾಸಗಿ ಸಂಸ್ಥೆಗಳು ನಗರದಲ್ಲಿ ದೀಪ ಹಚ್ಚಿದವು. ಹಳ್ಳಿಗಳಲ್ಲಿ ಕನ್ನಡ ಅಕ್ಷರ ಉಳಿದುದು ಬಹುಮಟ್ಟಿಗೆ ಮಠಗಳಲ್ಲಿ, ಐಗಳ ಗಾವಠಿ ಶಾಲೆಗಳಲ್ಲಿ. ಕಾಳುಕಡಿ ತೆಗೆದುಕೊಂಡು ಕಾಗುಣಿತ ಕಲಿಸಿದ ಆ ಐಗಳ ಋಣವನ್ನು ನಮ್ಮ ಸಾಹಿತ್ಯ ಚರಿತ್ರೆಗಳು ಇನ್ನೂ ಸರಿಯಾಗಿ ಬರೆದಿಲ್ಲ.

1948ರ ಸೆಪ್ಟೆಂಬರಿನಲ್ಲಿ ನಿಜಾಮರ ಆಳಿಕೆ ಮುಗಿಯಿತು, 1956ರ ನವೆಂಬರ್ 1ರಂದು ಈ ಪ್ರದೇಶ ಕನ್ನಡ ರಾಜ್ಯಕ್ಕೆ ಸೇರಿತು. ಮಾಸ್ತರರಿಗೆ ತಿಂಗಳ ಸಂಬಳ ಬಂತು. ಶಾಲೆಯ ಬಾಗಿಲು ಕಾಯಿದೆಯ ಮಟ್ಟಿಗಾದರೂ ಎಲ್ಲ ಮಕ್ಕಳಿಗೂ ತೆರೆಯಿತು. ಇದು ಸಾಲೋಟಗಿಯ ಮಂತ್ರಿಯೂ ಕನಸಿನಲ್ಲಿ ಕಾಣದ ದೊಡ್ಡ ಲಾಭ. ಆದರೆ ಸಂಬಳ ಬಂದ ಕಡೆ ಹೊಲಮನೆಗಳ ನಂಟು ಸಡಿಲಿತು. ದೂರದ ಜಿಲ್ಲೆಯಿಂದ ನೇಮಕವಾಗಿ ಬಂದವರಿಗೆ ಈ ನೆಲ ಬಿಸಿಲಿನ ಶಿಕ್ಷೆಯಾಗಿ ಕಂಡಿತು. ಬಂದ ದಿನದಿಂದಲೇ ವರ್ಗಾವಣೆಯ ದಾರಿ ನೋಡುವುದು ರೂಢಿಯಾಯಿತು. ಅವರನ್ನು ಹಳಿದು ಪ್ರಯೋಜನವಿಲ್ಲ. ವಯಸ್ಸಾದ ತಂದೆತಾಯಿ ಒಂದೂರಿನಲ್ಲಿ, ಹೆಂಡತಿ ಮಕ್ಕಳು ಇನ್ನೊಂದೂರಿನಲ್ಲಿ, ಬಾಡಿಗೆಗೆ ಒಂದು ಕೋಣೆಯೂ ಸಿಕ್ಕದ ಹಳ್ಳಿಯಲ್ಲಿ ಕೆಲಸ ಎಂದರೆ ಯಾರ ಮನಸ್ಸು ತಾನೆ ನಿಂತೀತು? ಖಾಲಿಯಾದ ಜಾಗಕ್ಕೆ ಅತಿಥಿ ಶಿಕ್ಷಕರು ಬರುತ್ತಾರೆ. ವರ್ಷ ಮುಗಿದೊಡನೆ ಅವರ ನೇಮಕವೂ ಮುಗಿಯುತ್ತದೆ. ಅತಿಥಿಯೆಂಬ ಮಾತೇ ಹೇಳುತ್ತದೆ, ಅವರು ನಿಲ್ಲತಕ್ಕವರಲ್ಲವೆಂದು.

ಇದರ ಬೆಲೆ ತೆರುವವರು ಮಕ್ಕಳು. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇಕಡ 75.36 ಇದ್ದರೆ, ಅದಕ್ಕೆ ಸ್ವಲ್ಪ ಮುಂಚೆ ಹುಟ್ಟಿದ ಯಾದಗಿರಿ ಜಿಲ್ಲೆಯದು 51.83, ರಾಜ್ಯದಲ್ಲೇ ಕಡೆಯದು. ಈ ಅಂಕಿಗೆ ಬಡತನ, ಗುಳೆ ಹೋಗುವಿಕೆ, ಬಾಲ್ಯವಿವಾಹ ಎಲ್ಲವೂ ಕಾರಣ. ಆದರೆ ಅಕ್ಷರ ಕೂಡಿಸಿ ಓದಲು ಕಲಿಯುವ ಹೊತ್ತಿಗೆ ಮಾಸ್ತರರು ಬದಲಾದರೆ ಮೊದಲ ಪೀಳಿಗೆಯ ಮಗುವಿಗೆ ಮನೆಯಲ್ಲಿ ಕೈಹಿಡಿದು ತಿದ್ದುವವರಾರು?

ಸಂವಿಧಾನದ 371(ಜೆ) ವಿಧಿ 2013ರಲ್ಲಿ ಜಾರಿಗೆ ಬಂದು, ಈ ಭಾಗದ ಹುದ್ದೆಗಳಲ್ಲಿ ಈ ಭಾಗದವರಿಗೇ ಮೀಸಲಾತಿ ದೊರೆಯಿತು. ಇದು ಹಳೆಯ ತಿಳಿವಳಿಕೆಯ ಹೊಸ ರೂಪವೆಂದೇ ನನ್ನ ಭಾವನೆ. ಈ ನೆಲದ ಮಗಳೇ ಟೀಚರಾಗಿ ಬಂದರೆ ಬಿಸಿಲು ಅವಳಿಗೆ ಹೊಸದಲ್ಲ, ಮಕ್ಕಳ ಮಾತೂ ಹೊಸದಲ್ಲ. ಆದರೆ ಕಾನೂನು ಹುದ್ದೆಯನ್ನು ಕೊಡಬಲ್ಲುದು. ವಾಸಕ್ಕೆ ಯೋಗ್ಯವಾದ ಮನೆಯನ್ನೂ ಊರಿನ ಆದರವನ್ನೂ ಬೇರೆಯವರೇ ಕೊಡಬೇಕು. ಇವುಗಳಿಗೂ ಬಿಸಿಯೂಟದ ಅಡುಗೆಯವರಿಗೂ ಪುಸ್ತಕ ಕಾಯುವವರಿಗೂ ಲೆಕ್ಕದಲ್ಲಿ ಜಾಗ ಬೇಕು. ಸಾವಿರ ವರ್ಷದ ಹಿಂದೆ ದೀಪದೆಣ್ಣೆಗೂ ಹೊಲ ಬಿಟ್ಟ ನಾಡು ನಮ್ಮದು. ರಾಮಸಮುದ್ರದಂಥ ಊರಿನ ಶಾಲೆಗೆ ಕಟ್ಟಡವೊಂದೇ ಸಾಲದು; ಕೆರೆಗೆ ನೀರುಗಂಟಿ ಬೇಕಾದಂತೆ ಅದಕ್ಕೆ ಅಲ್ಲಿಯೇ ನಿಲ್ಲುವ ಮಾಸ್ತರರು ಬೇಕು.